ಆರಿದ ನಾಣ್ಯಗಳ ಕಟ್ಟೆ

ಹೊರದೇಶದ ನೋಟನ್ನು ಯಾವ ಬ್ಯಾಂಕಾದರೂ ತೆಗೆದುಕೊಳ್ಳುತ್ತದೆ. ಚಿಲ್ಲರೆಯನ್ನು ಯಾರೂ ಮುಟ್ಟುವುದಿಲ್ಲ. ಅದನ್ನು ಸಾಗಿಸುವ ಖರ್ಚೇ ಅದರ ಬೆಲೆಗಿಂತ ಹೆಚ್ಚಂತೆ. ಹಾಗಾಗಿ ಹಡಗು ಹತ್ತಿ ದುಡಿಯಲು ಹೋದ ನಮ್ಮೂರಿನ ಗಂಡಸರು ರಜೆಗೆ ಬಂದಾಗ ಅವರ ಜೇಬಿನ ತಳದಲ್ಲಿ ಒಂದಿಷ್ಟು ಚಿಲ್ಲರೆ ಉಳಿದೇ ಇರುತ್ತದೆ. ಮಕ್ಕಳು ಅದರಲ್ಲಿ ಅಂಗಡಿಯಾಟ ಆಡುತ್ತಾರೆ, ಕುಂಟುವ ಮೇಜಿನ ಕಾಲಿಗೆ ಯಾರೋ ಒಂದನ್ನು ಒತ್ತುಕೊಡುತ್ತಾರೆ. ಮರಳಿ ಹೋಗುವ ದಿನ ಮಾತ್ರ ಗಂಡಸು ಅದರಲ್ಲೊಂದನ್ನು ಆರಿಸಿ, ಹೊಸ್ತಿಲ ಮೇಲೆ ನಿಂತು, ತಾಯಿಯ ಕೈಯಲ್ಲೋ ಹೆಂಡತಿಯ ಕೈಯಲ್ಲೋ ಇಟ್ಟು, ಆ ಕೈಯ ಬೆರಳುಗಳನ್ನು ತಾನೇ ಮಡಚುತ್ತಾನೆ. ಅವನು ಬದುಕಿರುವಷ್ಟು ಕಾಲ ಆ ಒಂದು ನಾಣ್ಯ ಬೆಚ್ಚಗಿರುತ್ತದೆ.

ಆರಿದ ಮೇಲೆ ಅದನ್ನು ನಮ್ಮ ಕಟ್ಟೆಗೆ ತರುತ್ತಾರೆ. ನಾವು ಹಣ ಕೊಟ್ಟು, ನಾಣ್ಯವನ್ನು ಕರಗಿಸಲು ಕುಲುಮೆಗೆ ಕಳಿಸುತ್ತೇವೆ. ಯಾವ ದೇಶದ್ದು, ಎಷ್ಟು ಬೆಲೆಯದು ಎಂಬ ಲೆಕ್ಕವಿಲ್ಲ. ಎಲ್ಲ ನಾಣ್ಯಕ್ಕೂ ಒಂದೇ ಮೊತ್ತ. ಒಂದು ಮನೆ ಚೇತರಿಸಿಕೊಳ್ಳುವಷ್ಟು ದೊಡ್ಡದು.

ಕಟ್ಟೆ ಎಂದರೆ ಬಂದರಿನ ಹಿಂದಿನ ಬೀದಿಯಲ್ಲಿರುವ ಹಳೆಯ ಉಪ್ಪಿನ ಗೋದಾಮು. ಒಳಗೆ ಎದೆಯೆತ್ತರದ ಒಂದು ಕರಿಕಲ್ಲು ಇದೆ, ಅದರ ಈಚೆ ನಾನು, ಆಚೆ ಊರು. ನಾನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು. ಥರ್ಮಾಮೀಟರನ್ನು ತಪ್ಪಿಲ್ಲದೆ ಓದಬಲ್ಲವರು ಬೇಕು ಎಂದು ನನ್ನನ್ನು ತೆಗೆದುಕೊಂಡರು. ಸೇರಿದ ಹೊಸತರಲ್ಲಿ ನನಗೊಂದು ಹುಚ್ಚಿತ್ತು. ನನ್ನ ಗಂಡ ಕೊಟ್ಟುಹೋದ ನಾಣ್ಯವನ್ನು ಅರಳೆಯಲ್ಲಿ ಸುತ್ತಿ, ನೀರಿನಲ್ಲಿ ಮುಳುಗಿಸಿ, ತೂಗಿ, ಈ ಶಾಖ ಎಲ್ಲಿಂದ ಬರುತ್ತದೆ ಎಂದು ಹುಡುಕುತ್ತಿದ್ದೆ. ಏನು ಮಾಡಿದರೂ ಅದು ಚಹಾ ಕುಡಿದು ಮುಗಿಸುವಷ್ಟರಲ್ಲಿ ಮನುಷ್ಯನ ಮೈಯ ಬಿಸಿಗೆ ಮರಳುತ್ತಿತ್ತು. ನಮ್ಮ ಕಾಲೇಜಿನಲ್ಲಿ ಉಷ್ಣದ ಪಾಠವನ್ನು ಚೆನ್ನಾಗಿಯೇ ಮಾಡುತ್ತಾರೆ, ಆದರೆ ನಾಣ್ಯದ ವಿಷಯವನ್ನು ಯಾವ ವಿದ್ಯಾರ್ಥಿಯೂ ಎತ್ತುವುದಿಲ್ಲ. ಪ್ರತಿ ಬೆಂಚಿನಲ್ಲೂ ಯಾರದೋ ಅಪ್ಪ, ಯಾರದೋ ಅಣ್ಣ ಹೋಗಿರುತ್ತಾರೆ.

ನಮ್ಮೂರಲ್ಲಿ ಎದುರಾದವರನ್ನು ಊಟ ಆಯಿತೇ ಎಂದು ಕೇಳುವುದಿಲ್ಲ. "ಬೆಚ್ಚಗೈತೇನ್ರಿ?" ಎಂದು ಕೇಳುತ್ತಾರೆ. "ಬೆಚ್ಚಗೈತ್ರಿ" ಎನ್ನಬೇಕು. ಅಷ್ಟಾದ ಮೇಲೆ ಮೀನಿನ ರೇಟು, ನಳದ ನೀರು, ಯಾರದೋ ಮಗಳ ನಿಶ್ಚಿತಾರ್ಥ. ಉತ್ತರ ಬಾರದಿದ್ದರೆ ಕೇಳಿದವರು ಚಪ್ಪಲಿ ಕಳಚಿ ಸ್ವಲ್ಪ ಹೊತ್ತು ಬರಿಗಾಲಲ್ಲಿ ನಿಲ್ಲುತ್ತಾರೆ. ಆಮೇಲೆ ಮೆಟ್ಟಿಕೊಂಡು ತಮ್ಮ ದಾರಿ ಹಿಡಿಯುತ್ತಾರೆ. ಸಂತಾಪ ಎಂದರೆ ಇಷ್ಟೇ. ಇದಕ್ಕಿಂತ ಹೆಚ್ಚು ಮಾಡಲು ಹೋದರೆ ಊರಿಗೆ ಬೇರೆ ಕೆಲಸಕ್ಕೆ ಪುರುಸೊತ್ತು ಸಿಗದು.

ನೀಲಾ ಮೊದಲ ಸಲ ಬಂದದ್ದು ಮಳೆ ಹಿಡಿದ ಒಂದು ಮಧ್ಯಾಹ್ನ. ಬಲೆ ಹೆಣೆಯುವ ಶೆಡ್ಡಿನಲ್ಲಿ ಕೂಲಿ ಮಾಡುವ ಹೆಂಗಸು. ಅವಳ ಗಂಡ ಚೆನ್ನಬಸು ಹೋಗಿ ಬಹಳ ವರ್ಷವಾಗಿತ್ತು. ಸೆರಗಿನ ಗಂಟು ಬಿಚ್ಚಿ ನಾಣ್ಯವನ್ನು ಕಲ್ಲಿನ ಮೇಲಿಟ್ಟಳು. ಹಕ್ಕಿಯ ಚಿತ್ರದ್ದು. ಹಕ್ಕಿಯ ಬಾಲದ ಹತ್ತಿರ ಅಂಚು ಸ್ವಲ್ಪ ಚಕ್ಕೆ ಎದ್ದಿತ್ತು.

"ಆರೈತ್ರಿ ಅಕ್ಕಾರ" ಎಂದಳು. "ಮುಂಜಾನೆ ಎದ್ದು ನೋಡಿದ್ರ ತಣ್ಣಗಿತ್ತು."

ಥರ್ಮಾಮೀಟರಿನ ಬುಡವನ್ನು ಜೇಡಿಮಣ್ಣಿನ ಉಂಡೆಯಿಂದ ನಾಣ್ಯಕ್ಕೆ ಅಂಟಿಸಿದೆ. "ಕುಂದ್ರು. ಚಹಾ ಕುಡಿ" ಎಂದೆ. ಕಟ್ಟೆಯಲ್ಲಿ ಬಂದವರಿಗೆಲ್ಲ ಚಹಾ ಕೊಡುತ್ತೇವೆ. ಅದು ಬರೀ ಮರ್ಯಾದೆಗಲ್ಲ ಎಂಬುದು ಊರಿಗೆಲ್ಲ ಗೊತ್ತು. ಆರಿದ ನಾಣ್ಯವನ್ನು ಹೇಗೇ ತಂಪು ಮಾಡಿ ತಂದಿರಲಿ, ಅದು ಕೋಣೆಯ ಶಾಖದವರೆಗೆ ಏರಿ ಅಲ್ಲಿಗೆ ನಿಲ್ಲುತ್ತದೆ. ನೀಲಾಳ ನಾಣ್ಯ ನಿಲ್ಲಲಿಲ್ಲ. ಅವಳು ಗ್ಲಾಸನ್ನು ತುಟಿಗೆ ಮುಟ್ಟಿಸಲೂ ಇಲ್ಲ, ಪಾದರಸ ಏರುವುದನ್ನೇ ನೋಡುತ್ತಿದ್ದಳು.

ಬಾಗಿಲ ಬಳಿಯ ಬೆಂಚಿನಲ್ಲಿ ಮುದಕಪ್ಪ ಕೂತಿದ್ದ. ಹಿಂದೆ ಹಡಗಿನಲ್ಲಿ ಅಡಿಗೆಯವನಾಗಿದ್ದವನು, ಈಗ ದಿನವಿಡೀ ನಮ್ಮಲ್ಲಿ ಪೇಪರು ಓದುತ್ತಾನೆ. "ಐಸ್ ಫ್ಯಾಕ್ಟರಿ ದಾರೀಲೆ ಬಂದಾಳ್ರಿ ಅಕ್ಕಾರ" ಎಂದ, ಪೇಪರಿನಿಂದ ತಲೆ ಎತ್ತದೆ. "ಸೆರಗಿನಿಂದ ಇನ್ನೂ ನೀರು ಸೋರಾಕತ್ತೈತಿ ನೋಡ್ರಿ. ಗಂಡನ್ನ ಮೀನಿನ ಜೋಡಿ ಡಬ್ಬ್ಯಾಗ ಹಾಕಿದ್ಲೇನೋ."

ಸಾಲಿನಲ್ಲಿ ನಿಂತಿದ್ದ ಒಬ್ಬಿಬ್ಬರು ನಕ್ಕರು. ನೀಲಾ ತಿರುಗಿ ಅವನನ್ನು ನೋಡಿದಳು. "ಹೌದು, ಐಸಿನಾಗ ಇಟ್ಟಿದ್ದೆ. ಬೆಚ್ಚಗೈತಿ, ಬೆಚ್ಚಗೈತಿ ಅಂತ ಊರಿಗೆಲ್ಲಾ ಹೇಳ್ಕೊಂಡು ತಿರುಗಿದ್ದಾತು. ಬೆಚ್ಚಗಿರೂದು ಬಿಟ್ಟು ಆ ಮನಷ್ಯಾ ಮತ್ತೇನು ಮಾಡ್ಯಾನ? ಕಾಗದಿಲ್ಲ, ರೊಕ್ಕಿಲ್ಲ." ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. "ನನ್ನ ಮಗಳು ಮುತ್ತೂನ ಎದಿಯಾಗ ತೂತೈತಂತ್ರಿ. ಮಳಿಗಾಲ ಮುಗಿಯೂದ್ರಾಗ ಆಪರೇಷನ್ ಮಾಡ್ಬೇಕಂತ. ಮೊದಲ ರೊಕ್ಕ ಕಟ್ರಿ, ಆಮ್ಯಾಲೆ ಕೂಸು ಕರ್ಕೊಂಡು ಬರ್ರಿ ಅಂದಾರ. ಅಂವ ಬೆಚ್ಚಗಿದ್ರ ಅದರ ಉಗುರು ನೀಲಿ ಆಗೂದು ನಿಲ್ತೈತೇನ್ರಿ?"

ಮುದಕಪ್ಪ ಪೇಪರು ಮಡಚಿಟ್ಟ.

"ನಾ ಇದನ್ನ ತಗೊಳಾಕ ಬರಂಗಿಲ್ಲ, ನೀಲಾ" ಎಂದೆ. ಮಣ್ಣು ಒರೆಸಿ ನಾಣ್ಯವನ್ನು ಅವಳ ಕಡೆ ಸರಿಸಿದೆ. ಅದು ಈಗ ಯಾರೋ ಆಗಷ್ಟೇ ಮುಷ್ಟಿಯಿಂದ ಬಿಟ್ಟಂತೆ ಇತ್ತು.

ಗಂಟು ಕಟ್ಟಿಕೊಳ್ಳುತ್ತ ಅವಳು ಕೇಳಿದಳು. "ನಿಮ್ಮದು ಬೆಚ್ಚಗೈತೇನ್ರಿ?"

"ಬೆಚ್ಚಗೈತಿ."

"ನಿಮಗೇನ್ ಬಿಡ್ರಿ. ಅದೂ ಐತಿ, ಪಗಾರನೂ ಐತಿ."

ಅವಳು ಹೋದ ಮೇಲೆ ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಕಲ್ಲಿನ ತುದಿಯಲ್ಲಿ ಸ್ವಲ್ಪ ಸ್ವಲ್ಪ ಹಣ ಇಟ್ಟರು, ನಕ್ಕವರೂ ಇಟ್ಟರು. ನನ್ನದನ್ನೂ ಸೇರಿಸಿ ಅದನ್ನು ಭಾನುವಾರ ಅವಳ ಮನೆಗೆ ಕೊಂಡೊಯ್ದೆ. ಆಸ್ಪತ್ರೆ ಕೇಳಿದ್ದರ ಮೂಲೆಗೂ ಅದು ಸಾಲುತ್ತಿರಲಿಲ್ಲ. ನೀಲಾ ಶೆಡ್ಡಿಗೆ ಹೋಗಿದ್ದಳು. ಬಾಗಿಲಲ್ಲಿ ಅವಳ ಅತ್ತೆ ಪಾರವ್ವ ಕೂತಿದ್ದಳು, ಚೆನ್ನಬಸುವಿನ ತಾಯಿ. ಮೊಮ್ಮಗಳು ಒಳಗೆ ಚಾಪೆಯ ಮೇಲೆ ದಿಂಬಿಗೆ ಒರಗಿ ಕೂತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಅದು ಕೂತೇ ನಿದ್ದೆ ಮಾಡುತ್ತಿತ್ತು. ನಾಣ್ಯ ಅದರ ಅಂಗಿಯೊಳಗೆ, ಎದೆಯ ಮೇಲಿತ್ತು.

"ಅಕ್ಕಾರ" ಎಂದಿತು ಮುತ್ತು, ಮಾತಿನ ನಡುವೆ ಉಸಿರೆಳೆದುಕೊಳ್ಳುತ್ತ. "ನಮ್ಮಪ್ಪಗ ನಿನ್ನೆ ಜ್ವರ ಬಂದಿತ್ರಿ. ಭಾಳ ಸುಡಾಕತ್ತಿತ್ತು. ನಾನ ಊದಿ ಆರಿಸಿದೆ."

"ಜ್ವರಲ್ಲ ಅದು. ಶನಿವಾರ ಇತ್ತಲ್ಲ, ಕುಡದಿರಬೇಕು" ಎಂದಳು ಪಾರವ್ವ. ಮಗು ನಕ್ಕಿತು, ನಗು ಕೆಮ್ಮಾಯಿತು. ಪಾರವ್ವ ಅದರ ಬೆನ್ನು ಸವರಿದಳು, ಕೆಮ್ಮು ನಿಂತ ಮೇಲೆ ನನ್ನನ್ನು ಅಂಗಳದಾಚೆ ಕರೆದಳು.

"ಸೊಸಿ ನಿಮ್ಮ ಕಟ್ಟಿಗೆ ಬಂದಿದ್ಲಂತ."

"ಬಂದಿದ್ಲು."

"ಆಕಿದೇನೂ ತಪ್ಪಿಲ್ರಿ. ಆಕಿ ಕೂಸಿನ ತಾಯಿ. ನಾ ಅಂವನ ತಾಯಿ." ಬಾಗಿಲ ಕಡೆ ತಿರುಗಿ ಮಗುವನ್ನು ನೋಡಿಕೊಂಡಳು. "ನೀವು ಕಲ್ತವರು. ಒಂದು ಮಾತು ಹೇಳ್ರಿ. ಈ ಬಿಸಿ ಅಂವನಿಂದ ಇಲ್ಲಿಗೆ ಬರತೈತೋ, ಇಲ್ಲಿಂದ ಅಂವಗ ಹೋಗತೈತೋ?"

ನನಗೆ ಗೊತ್ತಿದ್ದದ್ದು ಇಷ್ಟು. ಶಾಖ ಹೆಚ್ಚಿದ್ದಲ್ಲಿಂದ ಕಡಿಮೆ ಇದ್ದಲ್ಲಿಗೆ ಹರಿಯುತ್ತದೆ. ಆ ಕಡೆ ಎಷ್ಟಿದೆ ಎಂದು ಅಳೆದವರಿಲ್ಲ. ಬೆಚ್ಚಗಿನ ನಾಣ್ಯವನ್ನು ಕುಲುಮೆಗೆ ಹಾಕಿದರೆ ಸಮುದ್ರದಾಚೆಯ ಮನುಷ್ಯನಿಗೆ ಏನಾಗುತ್ತದೆ ಎಂಬ ಪ್ರಯೋಗವನ್ನು ನಮ್ಮೂರಲ್ಲಿ ಯಾರೂ ಮಾಡಿಲ್ಲ. ಮಾಡುವವರು ಹುಟ್ಟಲೂ ಬಾರದು.

"ಗೊತ್ತಿಲ್ರಿ" ಎಂದೆ.

"ಕಲ್ತವರಿಗೇ ಗೊತ್ತಿಲ್ಲಂದ್ರ ಬಿಡ್ರಿ" ಎಂದಳು ಪಾರವ್ವ. ಹಣವನ್ನು ಎಣಿಸದೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಕಟ್ಟೆಯ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ಹೆಂಡತಿ ತಂದರೆ, ಅಣ್ಣ ತಮ್ಮ ತಂದರೆ, ಮಗ ತಂದರೆ ಥರ್ಮಾಮೀಟರ್ ಹಚ್ಚುತ್ತೇವೆ, ಚಹಾ ಕೊಡುತ್ತೇವೆ. ತಾಯಿ ತಾನೇ ಬಂದು ನಾಣ್ಯವನ್ನು ಕಲ್ಲಿನ ಮೇಲಿಟ್ಟು, ಆರಿತು ಎಂದು ಬಾಯಿಬಿಟ್ಟು ಹೇಳಿದರೆ ಹಚ್ಚುವುದಿಲ್ಲ. ಎದ್ದು ನಿಂತು ಹಣ ಕೊಡುತ್ತೇವೆ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಬದುಕಿರುವ ಮಗನನ್ನು ಯಾವ ತಾಯಿಯೂ ಆರಿದನೆಂದು ಹೇಳಲಾರಳು ಎಂಬ ಒಂದೇ ನಂಬಿಕೆಯ ಮೇಲೆ ಅದು ನಿಂತಿದೆ. ಏಕೆಂದರೆ ನಾಣ್ಯ ಕಟ್ಟೆಗೆ ಸೇರಿದವನಿಗೆ ವಾಪಸು ಹಡಗಿಲ್ಲ. ಅಂದೇ ಅವನ ಹೆಸರು ಹಡಗಿನ ಕಚೇರಿಗೆ ಹೋಗುತ್ತದೆ. ಮತ್ತೆ ಯಾವ ಬಂದರಿನಲ್ಲಿ ಅವನು ನಿಂತು ಕೂಗಿದರೂ ನಮ್ಮೂರಿನ ಹಡಗು ಅವನಿಗೆ ಏಣಿ ಇಳಿಸುವುದಿಲ್ಲ.

ಪಾರವ್ವ ಬಂದದ್ದು ಶುಕ್ರವಾರ, ಮಳೆ ಹೊಳವಾಗಿದ್ದ ಹೊತ್ತಿಗೆ. ಮಿಂದು, ತಲೆಗೆ ಎಣ್ಣೆ ಹಚ್ಚಿ, ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದಳು. ಅವಳು ಒಬ್ಬಳೇ ಬಂದದ್ದನ್ನು ನೋಡಿ ಸಾಲು ತಾನಾಗಿ ಬಿಟ್ಟುಕೊಟ್ಟಿತು. ಮುದಕಪ್ಪ ಬೆಂಚಿನಿಂದ ಎದ್ದ. ಅವಳು ಎಲೆಅಡಿಕೆ ಸಂಚಿಯಿಂದ ನಾಣ್ಯ ತೆಗೆದು ಕಲ್ಲಿನ ಮೇಲಿಟ್ಟು, ಅದರ ಮೇಲೆ ಅಂಗೈ ಮುಚ್ಚಿ ನಿಂತಳು. ಬಹಳ ಹೊತ್ತು ಹಾಗೇ ನಿಂತಳು. ಆಮೇಲೆ ಕೈ ತೆಗೆದಳು.

"ಆರೈತಿ" ಎಂದಳು.

ಎಲ್ಲರೂ ಚಪ್ಪಲಿ ಕಳಚಿದರು. ನಾನು ಎದ್ದು ನಿಂತೆ. ಸಂಚಿಯ ಪಕ್ಕದಲ್ಲೇ ಥರ್ಮಾಮೀಟರ್ ಇತ್ತು, ನಾನು ಅದನ್ನು ಮುಟ್ಟಲಿಲ್ಲ. ಹಣ ಎಣಿಸಿ ಕೊಟ್ಟೆ. ರೂಢಿಯಂತೆ ನಾಣ್ಯವನ್ನು ಅವಳ ಎದುರಿಗೇ ಎತ್ತಿ ಚೀಲಕ್ಕೆ ಹಾಕಬೇಕು. ಎತ್ತಿದೆ.

ಅದು ಬೆಚ್ಚಗಿತ್ತು. ಅವಳ ಕೈಯ ಬಿಸಿ ಇರಬಹುದೆಂದು ಮೊದಲು ಅಂದುಕೊಂಡೆ. ಆದರೆ ನೋಟು ಕೊಡುವಾಗ ಅವಳ ಬೆರಳು ನನಗೆ ತಗುಲಿತ್ತು. ಆ ಹೆಂಗಸಿನ ಕೈ ಹೆಣದ ಕೈಯಷ್ಟು ತಣ್ಣಗಿತ್ತು. ನಾನು ಅವಳನ್ನು ನೋಡಿದೆ, ಅವಳು ನನ್ನನ್ನು ನೋಡಿದಳು. ಬೇಡುವ ನೋಟವಾಗಿರಲಿಲ್ಲ ಅದು. ತಕ್ಕಡಿಯಲ್ಲಿ ಎರಡೂ ಕಡೆ ತೂಕ ಹಾಕಿ ಆಗಿದೆ, ಇನ್ನು ನಿನ್ನದೇನು ಎನ್ನುವಂತೆ ಇತ್ತು.

ನಾಣ್ಯವನ್ನು ಚೀಲಕ್ಕೆ ಹಾಕಿದೆ.

ಕುಲುಮೆಯ ಗಾಡಿ ಸಂಜೆಗೆ ಬರುತ್ತದೆ. ಗಾಡಿಯವನು ಚೀಲದಲ್ಲಿನ ನಾಣ್ಯಗಳನ್ನು ಎಣಿಸಿ, ಬಾಯಿ ಹೊಲಿದು, ಒಯ್ಯುತ್ತಾನೆ. ಅಲ್ಲಿಯವರೆಗೆ ಚೀಲ ನನ್ನ ಕಾಲ ಬಳಿ ಇರುತ್ತದೆ. ಆ ಮಧ್ಯಾಹ್ನ ಗಿರಾಕಿಗಳು ಕಡಿಮೆ. ಮುದಕಪ್ಪ ಊಟಕ್ಕೆ ಹೋಗಿದ್ದ. ನಾನು ಬಗ್ಗಿ ಚೀಲದೊಳಗೆ ಕೈಯಿಟ್ಟೆ. ಅಷ್ಟೂ ತಣ್ಣನೆಯ ನಾಣ್ಯಗಳ ನಡುವೆ ಅದೊಂದನ್ನು ಹುಡುಕಲು ಕಣ್ಣು ಬೇಕಿರಲಿಲ್ಲ. ಅದರ ಸುತ್ತಲಿನವೂ ಒಂದಿಷ್ಟು ಬೆಚ್ಚಗಾಗಿದ್ದವು. ಗೂಡಿನಲ್ಲಿ ಕೋಳಿಮರಿಯ ಪಕ್ಕದ ಹುಲ್ಲಿನಂತೆ.

ಪಾರವ್ವನ ಪ್ರಶ್ನೆ ನೆನಪಾಯಿತು. ಇಲ್ಲಿಂದ ಅಲ್ಲಿಗೋ, ಅಲ್ಲಿಂದ ಇಲ್ಲಿಗೋ. ನಾಳೆ ಮುಂಜಾನೆ ಕುಲುಮೆ ಉರಿಸಿದರೆ ಉತ್ತರ ಸಿಗುತ್ತಿತ್ತು. ಆದರೆ ಉತ್ತರ ಸಿಕ್ಕಿದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಚೀಲದ ಎಣಿಕೆ ತಪ್ಪುವಂತಿಲ್ಲ. ಒಂದನ್ನು ತೆಗೆದರೆ ಇನ್ನೊಂದನ್ನು ಹಾಕಬೇಕು. ನನ್ನ ಬಳಿ ಇನ್ನೊಂದಿತ್ತು.

ಥರ್ಮಾಮೀಟರಿನ ಪೆಟ್ಟಿಗೆಯ ಅಡಿಯಲ್ಲಿ, ಅರಳೆಯ ಕೆಳಗೆ, ನನ್ನ ಗಂಡನ ನಾಣ್ಯವಿತ್ತು. ಅದೂ ಹಕ್ಕಿಯದೇ. ಅದು ಹಿಂದಿನ ಬೇಸಿಗೆಯಲ್ಲಿ ಆರಿತ್ತು. ನೀರಿನ ಲೋಟದಲ್ಲಿ ಮುಳುಗಿಸಿ ಎಂದಿನಂತೆ ಕಾಯುತ್ತಿದ್ದೆ. ಚಹಾ ಕುಡಿದು ಮುಗಿಯಿತು, ಎರಡನೆಯ ಚಹಾ ಮುಗಿಯಿತು, ಪಾದರಸ ಕೋಣೆಯ ಶಾಖಕ್ಕೆ ಬಂದು ನಿಂತಿತು. ನಾನು ನೀರು ಚೆಲ್ಲಿ, ನಾಣ್ಯ ಒರೆಸಿ ಪೆಟ್ಟಿಗೆಯಲ್ಲಿಟ್ಟುಕೊಂಡು ಕೆಲಸಕ್ಕೆ ಬಂದೆ. ಬೆಚ್ಚಗೈತೇನ್ರಿ ಎಂದು ಕೇಳಿದವರಿಗೆಲ್ಲ ಬೆಚ್ಚಗೈತಿ ಎಂದೆ. ಆರಿತು ಎಂದು ಒಮ್ಮೆ ಹೇಳಿಬಿಟ್ಟರೆ ಅದು ಹಾಗೇ ಆಗಿಬಿಡುತ್ತದೆ. ಹೇಳುವವರೆಗೆ ಅದು ಬರೀ ಒಂದು ಅಳತೆ. ಅಳತೆಯಲ್ಲಿ ದೋಷ ಇರಬಹುದೆಂದು ನಮಗೆ ಮೊದಲ ವರ್ಷದಲ್ಲೇ ಕಲಿಸಿದ್ದರು.

ಅರಳೆ ಸರಿಸಿ ಅದನ್ನು ತೆಗೆದೆ. ಸ್ವಲ್ಪ ಹೊತ್ತು ಎರಡೂ ಕೈಯಲ್ಲಿ ಒಂದೊಂದು ಇತ್ತು. ಆಮೇಲೆ ಎಡಗೈಯ ತಣ್ಣನೆಯದನ್ನು ಚೀಲಕ್ಕೆ ಬಿಟ್ಟೆ. ಬಿದ್ದ ಸದ್ದು ಉಳಿದವುಗಳ ಸದ್ದಿನಂತೆಯೇ ಇತ್ತು. ಸಂಜೆ ಗಾಡಿ ಬಂದಿತು, ಎಣಿಕೆ ಸರಿಹೋಯಿತು. ಗಾಡಿಯವನು ಬಾಯಿ ಹೊಲಿಯುತ್ತ, "ಬೆಚ್ಚಗೈತೇನ್ರಿ ಅಕ್ಕಾರ?" ಎಂದ. "ಬೆಚ್ಚಗೈತಿ" ಎಂದೆ. ನನ್ನ ಬಲಗೈ ಮುಷ್ಟಿಯಾಗಿತ್ತು.

ಮುತ್ತುವಿಗೆ ಆಪರೇಷನ್ ಆಯಿತು. ಮಳೆ ಬಿಟ್ಟ ಮೇಲೆ ಅದು ಮಲಗಿ ನಿದ್ದೆ ಮಾಡತೊಡಗಿತು, ಆಮೇಲೆ ಬೀದಿಯಲ್ಲಿ ಓಡತೊಡಗಿತು. ಮನೆಯಲ್ಲಿ ಚೆನ್ನಬಸುವಿನ ತಟ್ಟೆಯನ್ನು ಬೋರಲು ಹಾಕಿದ್ದರು. ನೀಲಾ ಕುಂಕುಮ ಅಳಿಸಿಕೊಂಡಳು. ತನ್ನ ಅತ್ತೆ ಕಟ್ಟೆಯಲ್ಲಿ ಹೇಳಿದ್ದು ನಿಜವೆಂದೇ ಅವಳು ನಂಬಿದ್ದಳು. ಒಮ್ಮೆ ನನ್ನೆದುರು ಅತ್ತಳು. "ನಾ ಐಸಿನಾಗ ಇಟ್ಟಿದ್ಕ ಹಿಂಗಾತೇನ್ರಿ?" ಎಂದು ಕೇಳಿದಳು. ಇಲ್ಲ ಎಂದೆ. ಅದೊಂದು ಉತ್ತರ ನನಗೆ ಖಚಿತವಾಗಿ ಗೊತ್ತಿತ್ತು. ಆದರೆ ಹೇಗೆ ಗೊತ್ತು ಎಂದು ಹೇಳುವಂತಿರಲಿಲ್ಲ.

ಪಾರವ್ವ ಮಾತ್ರ ಕಟ್ಟೆಯ ಬೀದಿಗೆ ಬರುತ್ತಿರಲಿಲ್ಲ. ದೀಪಾವಳಿಯ ಹೊತ್ತಿಗೆ, ಮೀನು ಮಾರ್ಕೆಟ್ಟಿನ ಮೆಟ್ಟಿಲ ಬಳಿ ಎದುರಾದಳು. ಸೊರಗಿದ್ದಳು. ಬುಟ್ಟಿ ಕೆಳಗಿಟ್ಟು, ಊರಿನ ರೂಢಿಯಂತೆ ಕೇಳಿದಳು.

"ನಿಮ್ಮದು ಬೆಚ್ಚಗೈತೇನ್ರಿ ಅಕ್ಕಾರ?"

ನಾನು ಬಾಯಲ್ಲಿ ಹೇಳಲಿಲ್ಲ. ನಾಣ್ಯ ಆಗ ಯಾವಾಗಲೂ ನನ್ನ ಜೊತೆಗಿರುತ್ತಿತ್ತು. ಅವಳ ಕೈ ಹಿಡಿದು, ಮುಷ್ಟಿಯಲ್ಲಿದ್ದ ನಾಣ್ಯವನ್ನು ಅದರೊಳಗೆ ಇಟ್ಟೆ. ಅವಳ ಹೆಬ್ಬೆರಳು ಹಕ್ಕಿಯ ಬಾಲದ ಹತ್ತಿರದ ಚಕ್ಕೆಗೆ ಹೋಗಿ ನಿಂತಿತು. ಮಾರ್ಕೆಟ್ಟಿನಲ್ಲಿ ಗದ್ದಲವೋ ಗದ್ದಲ. ಅವಳು ನಾಣ್ಯವನ್ನು ನನ್ನ ಕೈಗೇ ಮರಳಿ ಇಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿದಳು. ಬುಟ್ಟಿ ಎತ್ತಿಕೊಂಡು ಮೆಟ್ಟಿಲಿಳಿದಳು. ಗಂಡಸರು ಹೊಸ್ತಿಲ ಮೇಲೆ ನಿಂತು ಬೆರಳು ಮಡಚುವುದನ್ನು ನಾನು ಬಹಳ ನೋಡಿದ್ದೆ. ಹೆಂಗಸೊಬ್ಬಳು ಮಡಚಿದ್ದನ್ನು ನೋಡಿದ್ದು ಅದೇ ಮೊದಲು.

ಆಮೇಲೆ ಅವಳು ಬಹುತೇಕ ದಿನವೂ ಸಿಗುತ್ತಿದ್ದಳು, ಕಟ್ಟೆ ಬಾಗಿಲು ತೆಗೆಯುವ ಹೊತ್ತಿಗೆ ಬೀದಿಯ ತಿರುವಿನಲ್ಲಿ. ಕೇಳುತ್ತಿದ್ದಳು, ನಾನು ಕೈ ಚಾಚುತ್ತಿದ್ದೆ, ಅವಳು ಮುಟ್ಟಿ ಹೋಗುತ್ತಿದ್ದಳು. ಒಮ್ಮೊಮ್ಮೆ "ಇವತ್ತು ಸ್ವಲ್ಪ ಜ್ವರ ಐತೇನೋ" ಎನ್ನುವಳು. ಒಮ್ಮೆ ಮಾತ್ರ, "ವಾಪಸು ಹಡಗಿಲ್ಲಂತ ಅಂವಗ ಯಾರರ ಹೇಳ್ತಾರೋ, ಇಲ್ಲ, ಬಂದರಿನಾಗ ನಿಂತ ಕಾಯ್ತಿರ್ತಾನೋ" ಎಂದಳು. ಮನೆಯಲ್ಲಿ ಆ ನಾಣ್ಯವನ್ನು ದಿಂಬಿನ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದೆ. ಮುಖವನ್ನೂ ನೋಡದ ಗಂಡಸೊಬ್ಬನ ಶಾಖ. ಅದು ಏರಿದರೆ ನನಗೂ ನಿದ್ದೆ ಬರುತ್ತಿರಲಿಲ್ಲ. ಥರ್ಮಾಮೀಟರ್ ಹಚ್ಚುವುದನ್ನು ಬಿಟ್ಟಿದ್ದೆ.

ಚಳಿ ಹೊರಳುವ ಹೊತ್ತಿನಲ್ಲಿ, ಒಂದು ಮುಂಜಾನೆ, ಎಚ್ಚರವಾದಾಗ ನಾಣ್ಯ ತಣ್ಣಗಿತ್ತು. ನೀರಿನಲ್ಲಿ ಮುಳುಗಿಸಲಿಲ್ಲ, ಕಾಯಲೂ ಇಲ್ಲ. ಒಲೆ ಹಚ್ಚಿ, ಚಹಾ ಕಾಯಿಸಿ, ಲೋಟದ ಹೊರಮೈಗೆ ನಾಣ್ಯವನ್ನು ಒತ್ತಿ ಹಿಡಿದು ಮೈಯ ಬಿಸಿಗೆ ತಂದೆ. ಥರ್ಮಾಮೀಟರ್ ಹಚ್ಚಿ ಸರಿಯಾಗಿ ಹೊಂದಿಸಿದೆ. ಲೋಹ ಎಷ್ಟು ಬೇಗ ಆರುತ್ತದೆ ಎಂಬುದು ನನಗೆ ಗೊತ್ತು. ಆದ್ದರಿಂದ ಅರಳೆಯಲ್ಲಿ ಸುತ್ತಿ, ಎದೆಗೆ ಒತ್ತಿಕೊಂಡು, ಬಿರಬಿರನೆ ನಡೆದೆ. ಈ ಕೆಲಸವನ್ನು ನನ್ನಷ್ಟು ಚೆನ್ನಾಗಿ ಮಾಡಬಲ್ಲವರು ಊರಲ್ಲಿ ಇನ್ನೊಬ್ಬರಿರಲಿಲ್ಲ.

ಪಾರವ್ವ ತಿರುವಿನಲ್ಲಿ ನಿಂತಿದ್ದಳು. ಪಕ್ಕದಲ್ಲಿ ಮುತ್ತು, ಶಾಲೆಯ ಚೀಲ ಹೆಗಲಿಗೆ ಹಾಕಿಕೊಂಡು ಒಂಟಿ ಕಾಲಿನಲ್ಲಿ ಕುಣಿಯುತ್ತಿತ್ತು. ನಾನು ಹತ್ತಿರ ಹೋಗಿ ಅಂಗೈ ತೆರೆದು ಚಾಚಿದೆ.

"ಬೆಚ್ಚಗೈತ್ರಿ" ಎಂದೆ.

ಪಾರವ್ವ ನಾಣ್ಯವನ್ನು ಮುಟ್ಟಲಿಲ್ಲ. ನನ್ನ ಕೈಯನ್ನು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಅವಳು ಇನ್ನೂ ಕೇಳಿರಲೇ ಇಲ್ಲ.

"ಹೂಂ" ಎಂದಳು. "ಹಾಂಗ ಅಂತಿರ್ರಿ."

ಮೊಮ್ಮಗಳ ಹೆಗಲು ಹಿಡಿದುಕೊಂಡು, ಬಲಗಾಲಿನದು ಮೊದಲು, ಎಡಗಾಲಿನದು ಆಮೇಲೆ, ಚಪ್ಪಲಿ ಕಳಚಿದಳು. ಮುತ್ತು ಕುಣಿಯುವುದನ್ನು ನಿಲ್ಲಿಸಿ, ಯಾರಿಗೆಂದು ತಿಳಿಯದಿದ್ದರೂ, ಅಜ್ಜಿಯನ್ನು ನೋಡಿ ತಾನೂ ಕಳಚಿತು. ನನ್ನ ಕೈಯಲ್ಲಿ ನಾಣ್ಯ ಆಗಲೇ ಆರತೊಡಗಿತ್ತು.